ಎತ್ತರದ ಊರಿನಲ್ಲಿ ಗೇಜಿನ ಮುಳ್ಳು: ಪೆಟ್ರೋಲ್ ಎಂಜಿನ್ನಿನ ಇಂಧನ ಒತ್ತಡ ಮತ್ತು ನಿರ್ವಾತದ ಜೋಡಿ ರೀಡಿಂಗ್

ಕಾರ್ಖಾನೆಯಿಂದ ಬಾರದ ಎರಡು ಗೇಜುಗಳನ್ನು ಪೆಟ್ರೋಲ್ ಕಾರಿಗೆ ಹೊರಗಿನಿಂದ ಕೂಡಿಸಿಕೊಳ್ಳುವವರಿದ್ದಾರೆ. ಒಂದು ಇಂಧನದ ಒತ್ತಡ ತೋರಿಸುತ್ತದೆ, ಇನ್ನೊಂದು ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತವನ್ನು, ಅಂದರೆ ವ್ಯಾಕ್ಯೂಮನ್ನು. ಮೆಕ್ಯಾನಿಕ್‌ಗಳ ರೂಢಿಯಲ್ಲಿ ಇವೆರಡೂ ಬೇರೆ ಬೇರೆ ಪರೀಕ್ಷೆಗಳು. ಹೋಲಿಸಿ ನೋಡಲು ಬಳಸುವ ಅಂಕಿಗಳು ಬಹುಮಟ್ಟಿಗೆ ಸಮುದ್ರಮಟ್ಟದವು. ಇಂಧನದ ಒತ್ತಡ ನಿಯಂತ್ರಿಸುವ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪು ಜೋಡಿಸಿರುವ ಇಂಜೆಕ್ಷನ್ ಎಂಜಿನ್ನಿನಲ್ಲಿ ಈ ಎರಡು ರೀಡಿಂಗ್‌ಗಳನ್ನು ಕೂಡಿಸಿಯೇ ನೋಡಬೇಕು, ಊರಿನ ಎತ್ತರ ಗೊತ್ತಿಲ್ಲದೆ ಯಾವುದೊಂದನ್ನೂ ನಂಬಬಾರದು ಎಂಬುದು ಈ ಲೇಖನದ ವಾದ.

ಯಾಂತ್ರಿಕ ಗೇಜಿನ ಒಳಗಿರುವುದು ಫ್ರಾನ್ಸಿನ ಯೂಜೆನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ. ಚಪ್ಪಟೆ ಮಾಡಿ ಬಿಲ್ಲಿನಂತೆ ಬಾಗಿಸಿದ ಲೋಹದ ಕೊಳವೆ. ಅದರ ಒಂದು ತುದಿ ಮುಚ್ಚಿದೆ. ಒಳಗಿನ ಒತ್ತಡ ಏರಿದರೆ ಕೊಳವೆ ಬಿಚ್ಚಿಕೊಳ್ಳುತ್ತದೆ, ಇಳಿದರೆ ಇನ್ನಷ್ಟು ಬಾಗುತ್ತದೆ. ಮುಚ್ಚಿದ ತುದಿಯ ಈ ಚಲನೆಯನ್ನು ಪುಟ್ಟ ಹಲ್ಲುಚಕ್ರವೊಂದು ಮುಳ್ಳಿಗೆ ದಾಟಿಸುತ್ತದೆ. ಕೊಳವೆಯ ಹೊರಮೈಗೆ ತಾಗಿರುವುದು ಆಯಾ ಊರಿನ ಗಾಳಿ. ಹೀಗಾಗಿ ಮುಳ್ಳು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸ ಮಾತ್ರ. ಗೊಂದಲಕ್ಕೆಲ್ಲ ಮೂಲ ಇದೇ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೊಪಾಸ್ಕಲ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಲೆಕ್ಕದ ಪ್ರಕಾರ 91. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ 80. ಐಡ್ಲಿಂಗಿನಲ್ಲಿರುವ ಎಂಜಿನ್ನಿನ ಮ್ಯಾನಿಫೋಲ್ಡಿನೊಳಗೆ 34 ಕಿಲೊಪಾಸ್ಕಲ್ ಒತ್ತಡವಿದೆ ಎಂದಿಟ್ಟುಕೊಳ್ಳೋಣ. ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರಲು ಬೇಕಾದ ಗಾಳಿಯ ತೂಕ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಅಂಕಿ ಊರಿಂದೂರಿಗೆ ಅಷ್ಟಾಗಿ ಬದಲಾಗದು. ಆಗ ವ್ಯಾಕ್ಯೂಮ್ ಗೇಜ್ ಸಮುದ್ರಮಟ್ಟದ ಮಂಗಳೂರಿನಲ್ಲಿ 67 ತೋರಿಸುತ್ತದೆ, ಅಂದರೆ ಸುಮಾರು 20 ಅಂಗುಲ ಪಾದರಸ. ಬೆಂಗಳೂರಿನಲ್ಲಿ 57, ಸುಮಾರು 17 ಅಂಗುಲ. ಮುಳ್ಳಯ್ಯನಗಿರಿಯಲ್ಲಿ 46, ಹದಿಮೂರೂವರೆ ಅಂಗುಲದಷ್ಟು. ಚೆನ್ನಾಗಿರುವ ಎಂಜಿನ್ 17ರಿಂದ 21 ಅಂಗುಲ ತೋರಿಸಬೇಕೆಂಬ ಸಾಮಾನ್ಯ ಸೂತ್ರ ಹಿಡಿದು ಹೊರಟರೆ, ಏನೂ ಕೆಡದ ಎಂಜಿನ್ನಿಗೆ ಬೆಟ್ಟದ ಮೇಲೆ ಟೈಮಿಂಗ್ ದೋಷವೋ ಗ್ಯಾಸ್ಕೆಟ್ ಸೋರಿಕೆಯೋ ಅಂಟಿಕೊಳ್ಳುತ್ತದೆ. ಎತ್ತರದಿಂದ ಬದಲಾಗದ್ದು ಮುಳ್ಳಿನ ನಡತೆ. ಲಯ ಹಿಡಿದು ಪದೇ ಪದೇ ಕೆಳಗೆ ಬೀಳುವ ಮುಳ್ಳು ಸುಟ್ಟ ವಾಲ್ವನ್ನು ಮಂಗಳೂರಿನಲ್ಲೂ ಮಡಿಕೇರಿಯಲ್ಲೂ ಒಂದೇ ರೀತಿ ಸೂಚಿಸುತ್ತದೆ. ನನ್ನ ಮಟ್ಟಿಗೆ ಮುಳ್ಳು ನಿಂತ ಅಂಕಿಗಿಂತ ಅದರ ಕುಣಿತವೇ ಹೆಚ್ಚು ನಂಬಲರ್ಹ.

ಇಂಧನದ ಕಡೆ ಬರೋಣ. ರೆಗ್ಯುಲೇಟರಿನ ಡಯಾಫ್ರಮ್ಮಿನ ಒಂದು ಬದಿಗೆ ಪೆಟ್ರೋಲ್ ಇದೆ. ಇನ್ನೊಂದು ಬದಿಗೆ ಸ್ಪ್ರಿಂಗ್ ಮತ್ತು ಮ್ಯಾನಿಫೋಲ್ಡಿನ ನಿರ್ವಾತ. ಇಂಜೆಕ್ಟರಿನ ಹಿಂದಿನ ಒತ್ತಡ ಅದರ ಮೂತಿಯ ಮುಂದಿನ ಒತ್ತಡಕ್ಕಿಂತ ಸದಾ 300 ಕಿಲೊಪಾಸ್ಕಲ್ (3 ಬಾರ್) ಹೆಚ್ಚಿರುವಂತೆ ನೋಡಿಕೊಳ್ಳುವುದು ಅನೇಕ ಎಂಜಿನ್‌ಗಳಲ್ಲಿ ರೆಗ್ಯುಲೇಟರಿನ ಕೆಲಸ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಐಡ್ಲಿಂಗಿನಲ್ಲಿ ಇಂಧನ ಗೇಜ್ ಬೆಂಗಳೂರಿನಲ್ಲಿ 243, ಮಂಗಳೂರಿನಲ್ಲಿ 233 ತೋರಿಸಬೇಕು. ಶಿರಾಡಿ ಘಾಟಿ ಇಳಿದ ಕಾರಿನಲ್ಲಿ ಒತ್ತಡ 10 ಕಡಿಮೆಯಾಯಿತೆಂದು ಪಂಪನ್ನು ದೂರಬೇಕಿಲ್ಲ, ವ್ಯಾಕ್ಯೂಮ್ ಅಷ್ಟೇ ಏರಿರುತ್ತದೆ. ಎರಡೂ ಗೇಜುಗಳ ಮೊತ್ತ ಎರಡೂ ಊರಿನಲ್ಲಿ 300. ನೋಡಬೇಕಾದದ್ದು ಈ ಮೊತ್ತವನ್ನು.

ಅದೂ ಎಂಜಿನ್ನಿನ ಮೇಲೆ ಭಾರ ಬಿದ್ದಾಗ. ಐಡ್ಲಿಂಗಿನಲ್ಲಿ ಪಂಪು ಎತ್ತಿದ ಪೆಟ್ರೋಲಿನ ಹೆಚ್ಚಿನ ಪಾಲು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುವುದರಿಂದ ದುರ್ಬಲ ಪಂಪೂ ಕಟ್ಟಿಕೊಂಡ ಫಿಲ್ಟರೂ ಸಿಕ್ಕಿಬೀಳುವುದಿಲ್ಲ. ಘಾಟಿ ಹತ್ತುತ್ತ ಆಕ್ಸಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಸೊನ್ನೆಯ ಹತ್ತಿರ ಬರುತ್ತದೆ. ಇಂಧನ ಗೇಜ್ ಆಗ 300ಕ್ಕೆ ಏರಬೇಕು. ಅದು 240ಕ್ಕೇ ನಿಂತರೆ ಇಂಜೆಕ್ಟರಿನಿಂದ ಬರುವ ಪೆಟ್ರೋಲು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತದೆ, ಏಕೆಂದರೆ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ನಿಂತ ಗಾಡಿಯಲ್ಲಿ ಮಾಡುವ ಪರೀಕ್ಷೆಗಿಂತ ಕಾಯಂ ಆಗಿ ಕೂಡಿಸಿದ ಗೇಜು ಮೇಲು ಎನ್ನುವುದು ಈ ಕಾರಣಕ್ಕೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಕಳಚಿದಾಗ ಅದರೊಳಗೆ ಪೆಟ್ರೋಲಿನ ಪಸೆ ಕಂಡರೆ ಡಯಾಫ್ರಮ್ ಹರಿದಿದೆ ಎಂದೇ ಅರ್ಥ. ಅದಕ್ಕೆ ಯಾವ ಗೇಜೂ ಬೇಡ.

ಈ ಮೊತ್ತದ ಸೂತ್ರ ಎಲ್ಲ ಗಾಡಿಗೂ ಹೊಂದದು. ರಿಟರ್ನ್ ಪೈಪಿಲ್ಲದ ಹೊಸ ಕಾರುಗಳಲ್ಲಿ ಇಂಧನದ ಒತ್ತಡ ನಿರ್ವಾತವನ್ನು ಹಿಂಬಾಲಿಸುವುದಿಲ್ಲ, ಅದರ ಲೆಕ್ಕವನ್ನು ಕಂಪ್ಯೂಟರ್ ಮಾಡಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಗಾಡಿಗೆ ಬೇಕಾದದ್ದು 20ರಿಂದ 40 ಕಿಲೊಪಾಸ್ಕಲ್ ಅಷ್ಟೆ. ಮಿತಿ ಮೀರಿದರೆ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲು ಉಕ್ಕುತ್ತದೆ. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ ಪ್ರಯೋಜನವಿಲ್ಲ.

ಕೂಡಿಸುವ ವಿಧಾನದಲ್ಲಿ ರಾಜಿ ಕೂಡದು. ವ್ಯಾಕ್ಯೂಮ್ ಪೈಪನ್ನು ಡ್ಯಾಶ್‌ಬೋರ್ಡಿನವರೆಗೆ ತರಬಹುದು, ಪೆಟ್ರೋಲ್ ತುಂಬಿದ ಪೈಪನ್ನು ಕ್ಯಾಬಿನ್ನಿನೊಳಗೆ ತರುವಂತಿಲ್ಲ. ಬಾನೆಟ್ಟಿನಡಿ ಸೆನ್ಸರ್ ಕೂರಿಸಿ ಒಳಗೆ ವೈರು ಮಾತ್ರ ತರಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಎಥನಾಲ್ ನೂರಕ್ಕೆ ಇಪ್ಪತ್ತು. ಎಥನಾಲ್ ತಾಳದ ರಬ್ಬರ್ ಅದರಲ್ಲಿ ಊದಿ ಬಿರುಕು ಬಿಡುತ್ತದೆ, ಆದ್ದರಿಂದ ಸೆನ್ಸರ್ ಕೂರಿಸುವ ಟೀ ಜಾಯಿಂಟಿನ ಪೈಪು ಎಥನಾಲಿಗೆಂದೇ ತಯಾರಾದದ್ದಿರಲಿ. ಅಷ್ಟೇ ಗಾಳಿಗೆ ಇ20 ಹೆಚ್ಚು ಪ್ರಮಾಣದಲ್ಲಿ ಬೇಕಾಗುವುದರಿಂದ ಪಂಪಿನ ಕೊರತೆಯೂ ಬೇಗ ಬಯಲಾಗುತ್ತದೆ.

ಗೇಜ್ ಕೂಡಿಸಿಕೊಂಡವರು ಎಂಜಿನ್ ಸರಿಯಿರುವಾಗಲೇ ಎರಡೂ ರೀಡಿಂಗ್‌ಗಳನ್ನು ಊರಿನ ಎತ್ತರದೊಂದಿಗೆ ಸರ್ವಿಸ್ ಪುಸ್ತಕದಲ್ಲಿ ಬರೆದಿಡಲಿ. ಮುಂದೆ ತೊಂದರೆ ಕಂಡಾಗ ಮೆಕ್ಯಾನಿಕ್ ಹೋಲಿಸಿ ನೋಡಬೇಕಾದದ್ದು ಆ ಅಂಕಿಗಳೊಡನೆ.