ಹಿಮಕ್ಕೆ ಧರ್ಮ ಗೊತ್ತಿಲ್ಲ

ಕಾಶ್ಮೀರ ಅಂದ ತಕ್ಷಣ ನಮ್ಮ ಪರದೆಯ ಮೇಲೆ ಎರಡು ಕಿಟಕಿ ತೆರೆದುಕೊಳ್ಳುತ್ತವೆ. ಒಂದರಲ್ಲಿ ಪಾಳುಬಿದ್ದ ದೇವಸ್ಥಾನ, ಇನ್ನೊಂದರಲ್ಲಿ ಮಸೀದಿ. ಮಧ್ಯೆ ಕೂತು ಜಗಳ ನಡೆಸೋದು ನನ್ನ ಕೆಲಸ. ಇವತ್ತು ಜಗಳ ಬೇಡ. ಆ ಎರಡೂ ಕಟ್ಟಡಗಳ ಛಾವಣಿಯನ್ನಷ್ಟೇ ನೋಡೋಣ ಬನ್ನಿ.

ಮೊದಲು ಅನಂತನಾಗ್ ಹತ್ತಿರದ ಮಾರ್ತಾಂಡ. 8ನೇ ಶತಮಾನದಲ್ಲಿ ಲಲಿತಾದಿತ್ಯ ಕಟ್ಟಿಸಿದ ಸೂರ್ಯ ದೇವಾಲಯ. ಅಂಗಳದ ಸುತ್ತ ಸಾಲುಕಂಬ, ಸಣ್ಣ ಸಣ್ಣ ಗೂಡುಗಳು. ಇದು ಗಾಂಧಾರದ ಬೌದ್ಧ ವಿಹಾರಗಳನ್ನು ನೆನಪಿಸುವ ವಿನ್ಯಾಸ. ಕಂಬಗಳ ಮೇಲಿನ ಗೀರುಗಳಲ್ಲಿ ಗ್ರೀಕರ ನೆರಳೂ ಇದೆ. ಇದೇ ದೊರೆ ಪರಿಹಾಸಪುರದಲ್ಲಿ ವಿಷ್ಣುವಿಗೂ ಕಟ್ಟಿಸಿದ, ಬುದ್ಧನಿಗೂ ಕಟ್ಟಿಸಿದ ಅಂತ ‘ರಾಜತರಂಗಿಣಿ’ಯಲ್ಲಿ ಕಲ್ಹಣ ಬರೆಯುತ್ತಾನೆ. ಮಾರ್ತಾಂಡದ ಛಾವಣಿ ಈಗಿಲ್ಲ. ಆದರೆ ಶ್ರೀನಗರದ ಪಕ್ಕದ ಪಾಂಡ್ರೇಥನ್ ಗುಡಿ ನೋಡಿದರೆ ಅಂದಾಜು ಸಿಗುತ್ತೆ. ಒಂದರ ಮೇಲೊಂದು ಕೂತ ಕಡಿದಾದ ಪಿರಮಿಡ್ ಛಾವಣಿ. ಮರದಲ್ಲಿ ಮಾಡುತ್ತಿದ್ದುದನ್ನೇ ಕಲ್ಲಲ್ಲಿ ಮಾಡಿದ್ದಾರೆ. ಯಾಕೆ? ಹಿಮ ನಿಲ್ಲಬಾರದು, ಜಾರಿಹೋಗಬೇಕು. ಅಷ್ಟೇ.

ಈಗ ಝೇಲಂ ದಂಡೆಯ ಶಾ ಹಮ್ದಾನ್ ಖಾನ್ಖಾಗೆ ಬನ್ನಿ. ಇರಾನಿನಿಂದ ಬಂದ ಸೂಫಿಯ ಹೆಸರಿನ ಜಾಗ. ಗುಮ್ಮಟ ಹುಡುಕಿದರೆ ಸಿಗಲ್ಲ! ದೇವದಾರು ಮರ, ಹಂತ ಹಂತದ ಪಿರಮಿಡ್ ಛಾವಣಿ, ತುದಿಯಲ್ಲಿ ಚೂಪಾದ ಶಿಖರ. ಹಳೇ ಕಾಲದಲ್ಲಿ ಇಂಥ ಛಾವಣಿಗೆ ಭೂರ್ಜದ ತೊಗಟೆ ಹಾಸಿ, ಮೇಲೆ ಮಣ್ಣು ಹಾಕುತ್ತಿದ್ದರು. ವಸಂತ ಬಂದರೆ ಅಲ್ಲೇ ಹೂವು ಅರಳುತ್ತಿತ್ತು. ಪಂಡಿತರು ಶಾಸ್ತ್ರ ಬರೆದಿಟ್ಟದ್ದೂ ಇದೇ ಭೂರ್ಜದ ತೊಗಟೆಯ ಮೇಲೆ. ನೀರು ಸೋರದ ತೊಗಟೆ ಗುರುಕುಲಕ್ಕೂ ಬಂತು, ಖಾನ್ಖಾಗೂ ಬಂತು. ಶ್ರೀನಗರದ ಜಾಮಾ ಮಸೀದಿಯೊಳಗೆ 370ಕ್ಕೂ ಹೆಚ್ಚು ದೇವದಾರು ಕಂಬಗಳಿವೆ. ನಡುವಿನ ಅಂಗಳ ಪರ್ಷಿಯಾದ್ದು, ಮೇಲಿನ ಶಿಖರ ಕಾಶ್ಮೀರದ್ದು.

‘ಹಾಗಾದರೆ ಎಲ್ಲಾ ಸೌಹಾರ್ದವೇ ಆಗಿತ್ತಾ?’ ಅಂತ ನೀವು ಕೇಳಬಹುದು. ಇಲ್ಲ. ಅದನ್ನು ಮುಚ್ಚಿಡೋದು ಪತ್ರಿಕೋದ್ಯಮ ಅಲ್ಲ. ಆ ಜಾಮಾ ಮಸೀದಿ ಕಟ್ಟಿಸಿದ ಸುಲ್ತಾನ್ ಸಿಕಂದರನೇ ಮಾರ್ತಾಂಡದ ವಿಗ್ರಹ ಒಡೆಸಿದ ಅಂತ ಜೋನರಾಜ ದಾಖಲಿಸಿದ್ದಾನೆ. ಭೂಕಂಪವೂ ಕೆಡವಿತು ಅನ್ನುವ ವಿದ್ವಾಂಸರಿದ್ದಾರೆ. ಅದಕ್ಕೂ 300 ವರ್ಷ ಹಿಂದೆ ಹರ್ಷ ಅನ್ನೋ ಹಿಂದೂ ರಾಜ ಬೊಕ್ಕಸ ತುಂಬಿಸೋಕೆ ವಿಗ್ರಹ ಕೀಳಿಸಿ ಕರಗಿಸಿದ, ಅದಕ್ಕೊಬ್ಬ ಅಧಿಕಾರಿಯನ್ನೂ ನೇಮಿಸಿದ್ದ. ನಮ್ಮ ಕರ್ಣಾಟದ ನಾಣ್ಯದ ಮಾದರಿಯಲ್ಲಿ ನಾಣ್ಯ ಹೊರಡಿಸಿದವನೂ ಇವನೇ. ಇನ್ನು 1995ರಲ್ಲಿ ಉಗ್ರರು ಅಡಗಿದ್ದಾಗ ಚರಾರ್-ಎ-ಷರೀಫ್ ದರ್ಗಾ ಸುಟ್ಟು ಬೂದಿಯಾಯಿತು. ಅದು ಕಾಶ್ಮೀರಿಗಳು ನಂದ ಋಷಿ ಅಂತಲೂ ಕರೆಯುವ ಸಂತನ ಸಮಾಧಿ.

ಒಡೆದವರ ಹೆಸರು ನಮಗೆ ಬಾಯಿಪಾಠ. ಕಟ್ಟಿದ ಬಡಗಿಯ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಮರ ಆರಿಸುವಾಗ, ಛಾವಣಿಯ ಇಳಿಜಾರು ಅಳೆಯುವಾಗ, ಅಪ್ಪನಿಂದ ಕಲಿತದ್ದನ್ನೇ ಮಾಡಿದ. ದೇವರ ಹೆಸರು ಬದಲಾಯಿತು, ಕೈ ಬದಲಾಗಲಿಲ್ಲ. ಮಾರ್ತಾಂಡದ ಮುರಿದ ಕಂಬ ನೋಡಿ ನನಗೂ ಸಂಕಟವಾಗುತ್ತೆ. ಚರಾರ್‌ನ ಬೂದಿ ನೋಡಿದಾಗಲೂ ಅಷ್ಟೇ ಸಂಕಟವಾಗಬೇಕು ಅನ್ನೋದಷ್ಟೇ ನನ್ನ ವಾದ. ಮುಂದಿನ ಸಲ ಆ ಎರಡು ಕಿಟಕಿ ತೆರೆದಾಗ, ದಯವಿಟ್ಟು ಕೂಗಾಟ ಕೇಳಬೇಡಿ, ಛಾವಣಿ ನೋಡಿ.