ಓವರ್‌ಟೇಕಿಂಗ್ ನಿಯಮಗಳು (ಮೋಟಾರು ಪಂದ್ಯ)

ಮೋಟಾರು ಪಂದ್ಯಗಳಲ್ಲಿ ಹಿಂದಿರುವ ವಾಹನವು ಮುಂದಿನದನ್ನು ಹಿಂದಿಕ್ಕಲು ಅವಕಾಶ ಹೆಚ್ಚುವಂತೆ ವಾಹನರಚನೆಯಲ್ಲಿಯೂ ಪಂದ್ಯವಿಧಾನದಲ್ಲಿಯೂ ವಿಧಿಸಲ್ಪಟ್ಟ ಮಾರ್ಪಾಡುಗಳು. ವೇಗದ ಕಾರೊಂದು ವಾಯುವನ್ನು ಸೀಳಿ ಸಾಗುವಾಗ ಅದರ ಬೆನ್ನಿಗೆ ಕ್ಷುಬ್ಧವಾದ ಪ್ರವಾಹವೇರ್ಪಟ್ಟು, ಅದರಲ್ಲಿ ಸಿಲುಕಿದ ಹಿಂದಿನ ಕಾರಿನ ರೆಕ್ಕೆಗಳು ನೆಲಕ್ಕೊತ್ತುವ ಬಲವನ್ನು ಕಳೆದುಕೊಳ್ಳುವುದರಿಂದ, ತಿರುವುಗಳಲ್ಲಿ ಅದು ಸಮೀಪಿಸಲಾರದೆ ಹೋಗುವುದೇ ಇವುಗಳ ಮೂಲಕಾರಣ. ಫಾರ್ಮುಲಾ ಒನ್‌ನಲ್ಲಿ 2009ರಲ್ಲಿ ಹಿಂರೆಕ್ಕೆಯನ್ನು ಕಿರಿದುಗೊಳಿಸಲಾಯಿತು. 2011ರ ಡಿ.ಆರ್.ಎಸ್. ವ್ಯವಸ್ಥೆಯಂತೆ, ನಿಗದಿತ ಬಿಂದುವಿನಲ್ಲಿ ಮುಂದಿನವನಿಂದ ಒಂದು ಸೆಕೆಂಡಿನೊಳಗಿರುವ ಚಾಲಕನು ನೇರಹಾದಿಯಲ್ಲಿ ಹಿಂರೆಕ್ಕೆಯ ಫಲಕವನ್ನು ತೆರೆದು ಗಾಳಿಯ ಪ್ರತಿರೋಧವನ್ನು ತಗ್ಗಿಸಿಕೊಳ್ಳಬಹುದಾಗಿದ್ದಿತು. ಮುಂದಿನವನಿಗೆ ಆ ಸೌಲಭ್ಯವಿಲ್ಲದ್ದರಿಂದ ಇದು ಕೃತಕವೆಂಬ ಆಕ್ಷೇಪ ನ್ಯಾಯವಾದುದೇ. ಅದೇ ವರ್ಷ ಗ್ರೇಟರ್ ನೋಯ್ಡಾದ ಬುದ್ಧ ಪಥದಲ್ಲಿ ಪ್ರಥಮ ಇಂಡಿಯನ್ ಗ್ರ್ಯಾಂಡ್ ಪ್ರೀ ನಡೆಯಿತು. ಹಿಂದಿಕ್ಕಲು ಎಡೆಯಾಗಲೆಂದು ಅಲ್ಲಿ ಕೆಲವು ತಿರುವುಗಳ ಪ್ರವೇಶವನ್ನು ವಿಶಾಲಗೊಳಿಸಲಾಗಿದ್ದಿತು. 2022ರಲ್ಲಿ ಫಾರ್ಮುಲಾ ಒನ್‌ನಲ್ಲಿ ನೆಲಕ್ಕೊತ್ತುವ ಬಲದ ಬಹುಭಾಗವನ್ನು ಕಾರಿನ ತಳಕ್ಕೆ ವರ್ಗಾಯಿಸಿ ಮೂಲದೋಷವನ್ನೇ ಕುಗ್ಗಿಸುವ ಯತ್ನ ನಡೆಯಿತು. 2023ರಲ್ಲಿ ಹೈದರಾಬಾದಿನಲ್ಲಿ ಜರುಗಿದ ಫಾರ್ಮುಲಾ ಇ ಪಂದ್ಯದಲ್ಲಿ, ಹಾದಿಯಿಂದ ತುಸು ಹೊರಸರಿದ ಚಾಲಕನಿಗೆ ಅಲ್ಪಕಾಲ ಅಧಿಕ ಶಕ್ತಿಯನ್ನೀಯುವ ‘ಅಟ್ಯಾಕ್ ಮೋಡ್’ ಬಳಕೆಯಲ್ಲಿದ್ದಿತು. ಪುಣೆಯ ಬಳಿಯ ಚಾಕಣದ ಕಾರ್ಖಾನೆಯಲ್ಲಿ ಆಗ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಪೋಲೊ ಮಾದರಿಯ ಹೆಸರಿನಲ್ಲಿ 2010ರಲ್ಲಿ ಭಾರತದಲ್ಲಿ ಆರಂಭವಾದ ಪೋಲೊ ಕಪ್, ಎಲ್ಲರಿಗೂ ಏಕರೂಪದ ಕಾರನ್ನೊದಗಿಸಿ, ಹಿಂದಿಕ್ಕುವಿಕೆಯನ್ನು ಯಂತ್ರಬಲಕ್ಕಿಂತ ಚಾಲಕನ ಕೌಶಲಕ್ಕೆ ಅಧೀನಗೊಳಿಸಿದ ಏಕಮಾದರಿ ಸ್ಪರ್ಧೆಗಳಲ್ಲೊಂದು.