ನೋವಿನ ಮಾತ್ರೆ ನಡೆದು ಬಂದ ದಾರಿ

1959ರ ಮಾರ್ಚ್ 31ಕ್ಕೆ ಭಾರತದಲ್ಲಿ ಅಂಗಡಿಯಿಂದ ಅಫೀಮು ಕೊಂಡು ನುಂಗುವ ಕಾಲ ಮುಗಿಯಿತು. ಹತ್ತು ವರ್ಷ ಮೊದಲೇ, 1949ರಲ್ಲಿ, ಪ್ರತಿವರ್ಷ ಶೇ 10ರಷ್ಟು ಸರಬರಾಜು ಕಡಿಮೆ ಮಾಡುತ್ತ ಹೋಗಬೇಕೆಂದು ತೀರ್ಮಾನವಾಗಿತ್ತು. ಆಮೇಲೆ ಉಳಿದದ್ದು ವೈದ್ಯರ ಶಿಫಾರಸಿನ ಮೇಲೆ ಹೆಸರು ನೋಂದಾಯಿಸಿಕೊಂಡ ಹಳೆಯ ವ್ಯಸನಿಗಳು ಮಾತ್ರ.

ಇಂದಿನ ದಾವಣಗೆರೆ ಸೀಮೆಯಲ್ಲೂ ಇದೇ ಕಥೆ. ಆಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಇವೆಲ್ಲ ಒಂದೇ ಆಡಳಿತಕ್ಕೆ ಬಂದವು. ಸ್ವಾತಂತ್ರ್ಯಕ್ಕೂ ಮುಂಚೆ ಇವೆಲ್ಲ ಮೈಸೂರು ಸಂಸ್ಥಾನದವು. ಸಂಸ್ಥಾನದ ಅಬಕಾರಿ ಲೆಕ್ಕದಲ್ಲಿ ಸಾರಾಯಿ, ಗಾಂಜಾಗಳ ಸಾಲಿನಲ್ಲೇ ಅಫೀಮೂ ಇತ್ತು. ಲೈಸೆನ್ಸ್ ಪಡೆದ ಅಂಗಡಿಯವನು ತೂಕ ಮಾಡಿ ಕೊಡುತ್ತಿದ್ದ, ಸರ್ಕಾರಕ್ಕೆ ಸುಂಕ ಸೇರುತ್ತಿತ್ತು. ಕೆಮ್ಮು, ಭೇದಿ, ಮೈಕೈ ನೋವಿಗೆ ಅದೇ ಮದ್ದು. ಮದ್ದಾಗಿ ಒಳಗೆ ಬಂದದ್ದು ಕೆಲವರಲ್ಲಿ ಚಟವಾಗಿ ಕೂತುಬಿಡುತ್ತಿತ್ತು.

ಅಫೀಮಿನ ಅಂಗಡಿ ಮುಚ್ಚಿತು, ನೋವು ಎಲ್ಲಿಗೂ ಹೋಗಲಿಲ್ಲ. ಚನ್ನಗಿರಿಯಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುವವರಿಗೂ, ಜಗಳೂರಿನ ಒಣ ಹೊಲಗಳಲ್ಲಿ ದಿನವಿಡೀ ಬಗ್ಗಿ ಶೇಂಗಾ ಕೀಳುವವರಿಗೂ ಸೊಂಟ, ಮಂಡಿ ಹಿಡಿದುಕೊಂಡರೆ ಮರುದಿನದ ಕೂಲಿ ಹೋಗುತ್ತದೆ. ಕೂಲಿ ತಪ್ಪಬಾರದೆಂದು ಮಾತ್ರೆ ನುಂಗುವವರನ್ನು ಚಟಗಾರರೆಂದು ಜರೆಯುವುದು ಅನ್ಯಾಯ. ಅಂಥವರಲ್ಲಿ ಹೆಚ್ಚಿನವರು ನುಂಗುವುದು ಅಫೀಮಿನ ಬಳಗಕ್ಕೆ ಸೇರದ ಸಾಮಾನ್ಯ ಮಾತ್ರೆಯನ್ನೇ. ಆದರೆ ಆ ಬಳಗದ ಮಾತ್ರೆಗಳೂ ಔಷಧ ಅಂಗಡಿಯ ಕಪಾಟಿನಲ್ಲಿ ಜಾಗ ಹಿಡಿದವು. ಜರ್ಮನಿಯ ಗ್ರ್ಯೂನೆಂಥಾಲ್ ಕಂಪನಿ 1962ರಲ್ಲಿ ತಯಾರಿಸಿ 1977ರಲ್ಲಿ ಮಾರುಕಟ್ಟೆಗೆ ಬಿಟ್ಟ ಟ್ರಮಡಾಲ್ ಅವುಗಳಲ್ಲಿ ಒಂದು. ಟ್ಯಾಪೆಂಟಡಾಲ್ ಅದೇ ಕಂಪನಿಯ ಕಿರಿಯ ಕೂಸು.

1985ರಲ್ಲಿ ಎರಡು ಕೆಲಸಗಳು ನಡೆದವು. ದೆಹಲಿಯಲ್ಲಿ ಮಾದಕ ವಸ್ತುಗಳ ಕಠಿಣ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಬಂತು. ಅದರ ಲೈಸೆನ್ಸುಗಳ ಜಂಜಾಟಕ್ಕೆ ಹೆದರಿ ಹಲವು ಆಸ್ಪತ್ರೆಗಳು ಅಫೀಮಿನ ಬಳಗದ ನೋವಿನ ಮದ್ದಾದ ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ವರ್ಷಕ್ಕೆ ಐದಾರು ನೂರು ಕಿಲೊ ಇದ್ದ ದೇಶದ ಮಾರ್ಫಿನ್ ಬಳಕೆ 1997ರ ಹೊತ್ತಿಗೆ ಸುಮಾರು 18 ಕಿಲೊಗೆ ಕುಸಿಯಿತು. ಕ್ಯಾನ್ಸರ್‌ನ ಕೊನೆಯ ದಿನಗಳಲ್ಲಿ ನರಳುವವರಿಗೆ ಬೇಕಾದ ಮದ್ದು ಸಿಗದೇ ಹೋಯಿತು.

ಎರಡನೆಯದು ಜಗಳೂರಿನ ಗಡಿಗೆ ಹತ್ತಿಕೊಂಡಿದ್ದ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. ಮನೋರೋಗಕ್ಕೆ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಲ್ಲಿ ಪ್ರಯೋಗ ಮಾಡಿ ತೋರಿಸಿತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ವ್ಯಸನದ ವಿಷಯದಲ್ಲಿ ಮಾತ್ರ ಕಾಯ್ದೆ ಓಡಿದಷ್ಟು ಬೇಗ ಚಿಕಿತ್ಸೆ ಓಡಲಿಲ್ಲ.

ಕಾಯ್ದೆಯ ಓಟವನ್ನು ಔಷಧ ಅಂಗಡಿಯಲ್ಲೇ ನೋಡಬಹುದು. 2014ರಿಂದ ಟ್ರಮಡಾಲ್ ಮಾರುವವರು ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕಾಯಿತು. 2018ರ ಏಪ್ರಿಲ್‌ನಲ್ಲಿ ಅದನ್ನು ಎನ್‌ಡಿಪಿಎಸ್ ಕಾಯ್ದೆಯೊಳಗೇ ತಂದರು. ಅದರ ಬಿಗಿ ಟ್ಯಾಪೆಂಟಡಾಲ್‌ಗೆ ತಟ್ಟಲಿಲ್ಲ. 2020ರಲ್ಲಿ ನಿಮ್ಹಾನ್ಸ್ ವೈದ್ಯರು ಟ್ಯಾಪೆಂಟಡಾಲ್ ಚಟದ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಒಂದು ವರ್ಷ ಮೊದಲು ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಫೀಮು ಬಳಸುವವರು ಶೇ 0.52, ಔಷಧ ರೂಪದ ಓಪಿಯಾಯ್ಡ್, ಅಂದರೆ ಅಫೀಮಿನ ಬಳಗದ ಮದ್ದು, ಬಳಸುವವರು ಶೇ 0.96. ಮಾತ್ರೆ ಅಫೀಮನ್ನು ಹಿಂದಿಕ್ಕಿತ್ತು.

ಈ ಚಟ ಬಿಡಿಸುವುದು ಬೈದು ಬುದ್ಧಿ ಹೇಳುವುದರಿಂದ ಆಗುವ ಕೆಲಸವಲ್ಲ. ಮಾತ್ರೆ ತಪ್ಪಿದ ಒಂದೆರಡು ದಿನದಲ್ಲೇ ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಮೈ ಜುಮ್ಮೆನ್ನುತ್ತದೆ, ಭೇದಿಯಾಗುತ್ತದೆ, ನಿದ್ದೆ ಹತ್ತುವುದಿಲ್ಲ. ಮೂಳೆ ಮುರಿದಂಥ ನೋವು ಬೇರೆ. ಮನೆಯವರಿಗೆ ಇದು ಜ್ವರದಂತೆ ಕಂಡರೆ ಆಶ್ಚರ್ಯವಿಲ್ಲ. ಇದಕ್ಕೆ ಬ್ಯುಪ್ರಿನಾರ್ಫಿನ್ ಎಂಬ ಔಷಧವಿದೆ. ಅದು ಮೆದುಳಿನಲ್ಲಿ ಓಪಿಯಾಯ್ಡ್ ಕೂರುವ ಜಾಗದಲ್ಲೇ ಕೂತು ಅರ್ಧ ಕೆಲಸ ಮಾಡುತ್ತದೆ: ಹಂಬಲ ತಣಿಯುತ್ತದೆ, ಅಮಲು ಏರುವುದಿಲ್ಲ. ನುಂಗಿದರೆ ಪ್ರಯೋಜನವಿಲ್ಲ, ನಾಲಿಗೆಯಡಿ ಇಟ್ಟು ಕರಗುವ ತನಕ ಕಾಯಬೇಕು. ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸಿದರು ಎಂದು ಇದನ್ನು ಹಳಿಯುವವರಿದ್ದಾರೆ. ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ಚುಚ್ಚಿಕೊಂಡರೆ ಯಾರೂ ಹಾಗೆ ಅನ್ನುವುದಿಲ್ಲ.

ವ್ಯಸನ ಚಿಕಿತ್ಸೆಯ ಈ ಮಾತ್ರೆ ಊರಿನ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ, ವ್ಯಸನಮುಕ್ತಿ ಕೇಂದ್ರದ ಮೂಲಕವೇ ಕೊಡಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಘಟಕ ಶುರುವಾದದ್ದು 1991ರಲ್ಲಿ. ಜಗಳೂರಿನಿಂದ ಬೆಂಗಳೂರು ಸುಮಾರು 250 ಕಿ.ಮೀ. ದೂರ. ವಾರ ವಾರ ಹೋಗಿ ಬರುವ ಮಾತೇ ಇಲ್ಲ.

ಹತ್ತಿರದ ದಾರಿ ತೆರೆಯುತ್ತಿರುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮವನ್ನು ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿತು. 2022ರಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪೊಲೀಸರ ಭಯದಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದವರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು: ಅಲ್ಪ ಪ್ರಮಾಣದ ಅಥವಾ ಸೇವನೆಯ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಸರ್ಕಾರದ ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಅದನ್ನು ಪೂರ್ತಿ ಮಾಡುವ ಷರತ್ತಿನ ಮೇಲೆ ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವರಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.